ಆಟಿಯಲ್ಲಿ ಶುರು ಮಾಡಿದ ಬೂಸ್ಟು ಕೆಲಸ

ಮಳೆಗಾಲದಲ್ಲಿ ನಮ್ಮ ಕಡೆ ಗೋಡೆಗೆ ಬೂಸ್ಟು ಹಿಡಿಯುದು ತಪ್ಪುದಿಲ್ಲ, ಅದನ್ನು ಉಜ್ಜಲಿಕ್ಕೆ ಹೋದ ನನಗೆ ಎಂತದಾದ್ರೂ ಒಂದು ಗ್ರಹಚಾರ ಗಂಟು ಬೀಳುದೂ ತಪ್ಪುದಿಲ್ಲ. ಕೇಳಿದವರೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತಾರೆ. ನಗ್ಲಿ ಪಾಪ. ಅನುಭವಿಸಿದ್ದು ಅವರಲ್ಲವಲ್ಲ.

ನಾನು ಹದಿನೈದು ವರ್ಷ ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ನೆಲ ಒರೆಸಿದವಳು. ನೆಲಕ್ಕೆ ಫಿನಾಯಿಲು, ಚರಂಡಿಗೆ ಬ್ಲೀಚಿಂಗ್ ಪೌಡರು, ಕಕ್ಕಸಿಗೆ ಆಸಿಡು. ಅದನ್ನೆಲ್ಲ ಮೂಸಿ ಮೂಸಿ ಕೊನೆಗೆ ದಮ್ಮು ಹಿಡೀತು. ಎರಡು ಮೆಟ್ಟಿಲು ಹತ್ತಿದ್ರೆ ಎದೆಯೊಳಗಿಂದ ಬೆಕ್ಕಿನ ಮರಿ ಕೂಗಿದ ಹಾಗೆ ಕೇಳ್ತದೆ. ಡಾಕ್ಟ್ರು ಸುತ್ತಿ ಬಳಸಿ ಹೇಳ್ಲಿಲ್ಲ. "ಒಂದೋ ಆ ವಾಸನೆ ಬಿಡ್ಬೇಕು, ಇಲ್ಲದಿದ್ರೆ ಪ್ರಾಣ ಬಿಡ್ಬೇಕು. ಯಾವುದು ಆಗ್ತದೆ ನೋಡಿ" ಅಂದ್ರು.

ವಾಸನೆ ಬಿಟ್ಟೆ. ಆದ್ರೆ ಹೊಟ್ಟೆ ಕೇಳ್ಬೇಕಲ್ಲ? ಗಂಡ ತೀರಿ ಹೋಗಿ ಎಂಟು ವರ್ಷ. ನನಗೆ ಗೊತ್ತಿರುದು ಒಂದೇ ವಿದ್ಯೆ, ಉಜ್ಜುದು. ಹಾಗೆ ಆಸಿಡಿಲ್ಲದೆ ಮನೆ ಉಜ್ಜುವ ಕೆಲಸ ಹಿಡಿದೆ. ಅಂಟುವಾಳ ಕಾಯಿ ಬೇಯಿಸಿದ ನೀರು, ತಾಮ್ರ ಹಿತ್ತಾಳೆಗೆ ಹುಳಿಹುಳಿ ಬಿಂಬುಳಿ ಕಾಯಿ, ಜಿಡ್ಡಿಗೆ ಸೋಡ, ತಿಕ್ಕಲಿಕ್ಕೆ ತೆಂಗಿನ ನಾರು. ಮತ್ತೆ ಲಿಂಬೆ, ಮೂಸಂಬಿ ಸಿಪ್ಪೆಗೆ ಬೆಲ್ಲ ಹಾಕಿ ಮೂರು ತಿಂಗಳು ಕೊಳೆಸಿದ ಸಿಪ್ಪೆನೀರು. ನೆರೆಮನೆಯ ಬ್ಯಾರಿ ಹೆಂಗಸು ಜೊತೆಗೆ ಬಂದಳು. ಅವಳ ಹತ್ರ ಸ್ಕೂಟರ್ ಉಂಟು, ಏಣಿ ಹತ್ತುವ ಧೈರ್ಯ ಉಂಟು. ಇಲ್ಲದ್ದು ಒಂದೇ, ನಗಬಾರದ ಜಾಗದಲ್ಲಿ ನಗದೆ ಇರುವ ಬುದ್ಧಿ.

ಆಸ್ಪತ್ರೆಯ ಸೂಪರ್‌ವೈಸರ್ ಒಳ್ಳೆ ಮನುಷ್ಯ. "ಚೌತಿವರೆಗೆ ನಿನ್ನ ಜಾಗಕ್ಕೆ ಬೇರೆಯವರನ್ನು ಹಾಕುದಿಲ್ಲ. ಅಷ್ಟರೊಳಗೆ ಬರ್ತೀಯಾ ಇಲ್ವಾ ಹೇಳು" ಅಂದಿದ್ರು. ತಿಂಗಳಿಗೆ ಎರಡು ಸಲ ಕರೆಯುವ ಹತ್ತು ಮನೆ ಖಾಯಂ ಆದ್ರೆ ನನ್ನ ಅಕ್ಕಿಗೂ ಎದೆಗೆ ಎಳೆಯುವ ಮದ್ದಿಗೂ ಸಾಕು. ಆಗದಿದ್ರೆ ಪುನಃ ಅದೇ ಬಕೆಟು, ಅದೇ ಆಸಿಡು. ಆಮೇಲೆ ಎಷ್ಟು ದಿನ ಅಂತ ಕೇಳುದೇ ಬೇಡ.

ಶುರು ಮಾಡಿದ್ದು ಆಟಿಯಲ್ಲಿ. ಆಟಿ ಅಂದ್ರೆ ಜಡಿಮಳೆಯ ತಿಂಗಳು. ನಮ್ಮಲ್ಲಿ ಆಟಿಯಲ್ಲಿ ಮದುವೆ ಮಾಡುದಿಲ್ಲ, ಹೊಸ ಮನೆಗೆ ಹೋಗುದಿಲ್ಲ, ಒಳ್ಳೆದು ಎಂತದಕ್ಕೂ ಕೈ ಹಾಕುದಿಲ್ಲ. "ಆಟಿಯಲ್ಲಿ ಯಾರಾದ್ರೂ ಹೊಸ ಕೆಲಸ ಶುರು ಮಾಡ್ತಾರಾ ಮಾರಾಯ್ತಿ?" ಅಂತ ನನ್ನ ಅಕ್ಕ ಫೋನಲ್ಲಿ ಬೈದಳು. "ಬೂಸ್ಟು ಪಂಚಾಂಗ ನೋಡಿ ಬರ್ತದಾ?" ಅಂತ ಕೇಳಿದೆ.

ವಾಸನೆ ಎಲ್ಲಿ?

ಮೊದಲ ಮನೆ ಪುತ್ತೂರು ಪೇಟೆಯಲ್ಲೇ, ಬ್ಯಾಂಕಿನಿಂದ ರಿಟೈರ್ ಆದ ಒಬ್ಬರದ್ದು. ಪರಿಸರ, ಪ್ರಕೃತಿ ಅಂತ ಪೇಪರಿನಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಫೈಲು ಮಾಡಿ ಇಡುವವರು. "ಕೆಮಿಕಲ್ ಇಲ್ವಾ? ಭೇಷ್! ಊರಿಗೆ ನಿಮ್ಮಂಥವರು ಬೇಕು" ಅಂತ ಬಾಗಿಲಲ್ಲೇ ಕಾಲು ಗಂಟೆ ಭಾಷಣ ಮಾಡಿದ್ರು. ನನಗೆ ಕಣ್ಣಲ್ಲಿ ನೀರು ಬರುದೊಂದು ಬಾಕಿ.

ಮಧ್ಯಾಹ್ನದವರೆಗೆ ತಿಕ್ಕಿದೆವು. ಬಚ್ಚಲಿನ ಪಾಚಿ ಹೋಗಿ ಟೈಲ್ಸಿನ ಮೇಲೆ ಹೂವಿನ ಚಿತ್ರ ಕಾಣ್ಲಿಕ್ಕೆ ಶುರುವಾಯ್ತು. ಅಲ್ಲಿ ಹೂವುಂಟು ಅಂತ ಮನೆಯವರಿಗೇ ಮರೆತು ಹೋಗಿತ್ತು. ಯಜಮಾನರು ಕೈ ಹಿಂದೆ ಕಟ್ಟಿಕೊಂಡು ಬಂದು ಮೂರು ಸಲ ಮೂಗೆಳೆದ್ರು.

"ಕ್ಲೀನ್ ಆದದ್ದು ಗೊತ್ತೇ ಆಗುದಿಲ್ವಲ್ಲ?"

"ನೋಡಿ ಸರ್, ಹೂವು ಕಾಣ್ತಾ ಉಂಟು."

"ಕಾಣುದು ಸರಿ. ವಾಸನೆ ಎಲ್ಲಿ?"

"ವಾಸನೆ ಇಲ್ಲದ್ದೇ ನಮ್ಮ ವಿಶೇಷ ಸರ್."

ಅವರು ಒಳಗೆ ಹೋಗಿ ಫಿನಾಯಿಲಿನ ಬಾಟ್ಲಿ ತಂದು ಮನೆಯ ನಾಲ್ಕು ಮೂಲೆಗೂ ತೀರ್ಥ ಪ್ರೋಕ್ಷಣೆ ಮಾಡಿದ ಹಾಗೆ ಚಿಮುಕಿಸಿದ್ರು. ನಾನು ಉಸಿರು ಹಿಡ್ಕೊಂಡು ಅಂಗಳಕ್ಕೆ ಓಡಿ, ಮಳೆಯಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮದ್ದು ಎಳೆದೆ. ಒಳಗಿಂದ ಅವರ ಸಂತೋಷದ ಸ್ವರ ಕೇಳಿತು: "ಹಾಂ! ಈಗ ನೋಡಿ! ನಿಮ್ಮ ಸಿಪ್ಪೆನೀರು ಒಳ್ಳೆ ಕೆಲಸ ಮಾಡ್ತದೆ ಮಾರಾಯ್ರೆ!"

ಮಾವನವರ ಗಡ್ಡ

ನರಿಮೊಗರಿನಲ್ಲಿ ಒಂದು ಮನೆ. ಅತ್ತೆ, ಸೊಸೆ, ಇಬ್ಬರು ಮಕ್ಕಳು. ಚಾವಡಿಯ ಗೋಡೆಯಲ್ಲಿ ತೀರಿ ಹೋದ ಮಾವನವರ ದೊಡ್ಡ ಫೋಟೋ. ಎದೆವರೆಗೆ ಇಳಿದ ಬಿಳಿ ಗಡ್ಡ, ನೋಡಿದ್ರೆ ಕೈ ಮುಗಿಯುವ ಹಾಗೆ ಉಂಟು. ಮಕ್ಕಳು ಹೇಳಿದ್ರು, "ನಮ್ಮ ಅಜ್ಜ ಕೊನೆಗೆ ಸನ್ಯಾಸಿ ಆಗ್ಲಿಕ್ಕೆ ಹೊರಟಿದ್ರಂತೆ." ಯಾರು ಹೇಳಿದ್ದು ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಗಡ್ಡ ನೋಡಿ ಮಕ್ಕಳೇ ಕಟ್ಟಿದ ಕಥೆ.

ಫೋಟೋ ಕೆಳಗಿಳಿಸಿ ಹಿಂದಿನ ಹಲಗೆ ತೆಗೆದು, ಒಣ ಹತ್ತಿಯಲ್ಲಿ ಮೆಲ್ಲ ಒರೆಸಿದೆ. ಒರೆಸಿದ ಹಾಗೆ ಗಡ್ಡ ಹತ್ತಿಗೆ ಬಂತು! ಗಾಜಿನ ಒಳಗೆ ಎಷ್ಟೋ ಮಳೆಗಾಲದಿಂದ ಬೆಳೆದ ಬೂಸ್ಟು ಅದು. ಅಡಿಯಿಂದ ನುಣ್ಣಗೆ ಕ್ಷೌರ ಮಾಡಿದ ಒಂದು ಸಿಟ್ಟಿನ ಮುಖ ಹೊರಗೆ ಬಂತು. ಹುಬ್ಬು ಗಂಟು, ತುಟಿ ಬಿಗಿ. ಮಕ್ಕಳು "ಇದು ಯಾರು?" ಅಂತ ಅಮ್ಮನ ಹಿಂದೆ ಹೋಗಿ ನಿಂತವು.

ಅತ್ತೆ ಕನ್ನಡಕ ಹಾಕಿಕೊಂಡು ಬಂದು ಬಹಳ ಹೊತ್ತು ನೋಡಿದ್ರು. ನಾನು ಬೈಗಳಿಗೆ ತಯಾರಾಗಿ ನಿಂತಿದ್ದೆ. ಅವರು ಉಸಿರು ಬಿಟ್ಟು ಹೇಳಿದ್ರು, "ಇವರೇ, ಇವರೇ. ಗಡ್ಡ ಬಂದ ಮೇಲೆ ಸ್ವಲ್ಪ ಒಳ್ಳೆಯವರಾಗಿದ್ರು. ಇನ್ನು ಪುನಃ ಹೆದರ್ಬೇಕಲ್ಲ ಮಾರಾಯ್ತಿ!"

ಆ ಮನೆ ನಮಗೆ ಖಾಯಂ ಆಯ್ತು. ಒಂದೇ ಕಂಡೀಷನ್: ಫೋಟೋ ಮುಟ್ಟಬಾರದು, ಮತ್ತೆ ಗಡ್ಡ ಬರ್ಲಿ.

ಹೊಗೆಗೂಡಿನ ಬಟ್ಟೆ

ಬೂಸ್ಟಿಗೆ ಹೊಗೆಯಷ್ಟು ಒಳ್ಳೆ ಮದ್ದು ಬೇರೆ ಇಲ್ಲ. ಅಟ್ಟದಲ್ಲಿ ಹೊಗೆ ತಾಗುವ ವಸ್ತು ಎಂದೂ ಹಾಳಾಗುದಿಲ್ಲ ಅಂತ ನನ್ನಮ್ಮ ಹೇಳ್ತಿದ್ರು. ಆ ಬುದ್ಧಿಯನ್ನು ನಾನು ನೆಲ್ಯಾಡಿಯ ಒಬ್ಬರು ಚೇಚಿಗೆ, ಅಂದ್ರೆ ಮಲಯಾಳಿ ಅಕ್ಕನಿಗೆ, ಹೇಳಿದ್ದೇ ತಪ್ಪಾಯ್ತು. ಅವರ ಅಪ್ಪನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿದ ಮನೆ. ಕಪಾಟು ತೆರೆದ್ರೆ ಒಳಗೆ ಪಟ್ಟೆ ಸೀರೆ, ಕೋಟು, ಮಕ್ಕಳ ಫ್ರಾಕು, ಎಲ್ಲದಕ್ಕೂ ಹಸಿರು ಚುಕ್ಕೆ. ಚೇಚಿ ಅಳುವ ಹಾಗೆ ಆಗಿದ್ರು. "ಆದಿತ್ಯವಾರ ಚರ್ಚಿನಲ್ಲಿ ನಾದಿನಿ ಮಗಳ ಮದುವೆ. ಬಿಸಿಲು ಬಿದ್ದು ಹದಿನೆಂಟು ದಿನ ಆಯ್ತು. ಎಂತ ಉಡುದು?"

"ಹೊಗೆಗೂಡು ಉಂಟಲ್ಲ ಚೇಚಿ?" ಅಂದೆ. ರಬ್ಬರ್ ಶೀಟನ್ನು ಹೊಗೆ ಹಾಕಿ ಒಣಗಿಸುವ ಸಣ್ಣ ಕೋಣೆ. "ಒಂದು ದಿನ ಅದರೊಳಗೆ ನೇತು ಹಾಕಿ. ಬೂಸ್ಟಿನ ಬೇರೂ ಉಳಿಯುದಿಲ್ಲ."

ಒಂದು ದಿನ ಅಂದದ್ದನ್ನು ಅವರು ನಾಲ್ಕು ದಿನ ಮಾಡಿದ್ರು, ಗಟ್ಟಿ ಆಗ್ಲಿ ಅಂತ. ಆದಿತ್ಯವಾರ ಮನೆಮಂದಿ ಎಂಟು ಜನ ಹೋಗಿ ಚರ್ಚಿನ ನಡುವಿನ ಎರಡು ಬೆಂಚಿನಲ್ಲಿ ಕೂತ್ರು. ಹಾಡು ಅರ್ಧ ಆಗುವಾಗ ಹಿಂದಿನವರು ಮೂಗು ಮುಚ್ಚಿದ್ರು, ಮುಂದಿನವರು ತಿರುಗಿ ನೋಡಿದ್ರು. ಯಾರೋ "ವಯರಿಂಗ್ ಸುಡ್ತಾ ಉಂಟು!" ಅಂತ ಕೂಗಿದ್ರು. ಇಡೀ ಚರ್ಚು ಅಂಗಳಕ್ಕೆ ಇಳೀತು. ಚೇಚಿಯ ಮನೆಯವರೂ ಎಲ್ಲರಿಗಿಂತ ಮುಂಚೆ ಓಡಿದ್ರು. ಅಂಗಳದಲ್ಲೂ ಅದೇ ವಾಸನೆ! ಚೇಚಿಯ ಗಂಡ ಧೈರ್ಯವಂತ, ಬೆಂಕಿ ಎಲ್ಲಿ ಅಂತ ಹುಡುಕಲಿಕ್ಕೆ ಹೊರಟ್ರು. ಅಡುಗೆ ಶೆಡ್ಡಿಗೆ ಹೋದ್ರೆ ಅಲ್ಲಿ, ಜನರೇಟರ್ ಹತ್ರ ಹೋದ್ರೆ ಅಲ್ಲೂ. "ಬೆಂಕಿ ನನ್ನ ಹಿಂದೆಯೇ ಬರ್ತಾ ಉಂಟು!" ಅಂತ ಆ ಮನುಷ್ಯ ಬೊಬ್ಬೆ ಹೊಡೆದ್ರಂತೆ.

ಸಂಜೆ ಚೇಚಿಯ ಫೋನು. ಅರ್ಧ ಮಲಯಾಳ, ಅರ್ಧ ಕನ್ನಡ, ಪೂರ್ತಿ ಬೈಗಳು. ಎಲ್ಲ ಮುಗಿದ ಮೇಲೆ ಸ್ವರ ತಗ್ಗಿಸಿ, "ಬೂಸ್ಟು ಮಾತ್ರ ಪೂರಾ ಹೋಗಿದೆ. ನಾದಿನಿ ಹೇಗೆ ಅಂತ ಕೇಳ್ತಿದ್ದಾಳೆ. ಅವಳಿಗೆ ಹೇಳ್ಬೇಡ" ಅಂದ್ರು.

ಚೆಕ್‌ಪೋಸ್ಟು

ತಮಾಷೆ ಇಲ್ಲದ ಮನೆಗಳೂ ನಡುವೆ ಸಿಕ್ಕಿದವು, ಅದರ ಕಥೆ ಹೇಳಿ ಪ್ರಯೋಜನ ಇಲ್ಲ. ಆಟಿ ಮುಗಿದು ಸೋಣ ತಿಂಗಳು ಬರುವಾಗ ಎಂಟು ಮನೆ ಖಾಯಂ ಆಗಿತ್ತು. ಮಳೆ ಹಾಗೇ ಇತ್ತು, ನನ್ನ ಎದೆಯ ಬೆಕ್ಕಿನ ಮರಿಯೂ ಹಾಗೇ ಇತ್ತು. ಸುಳ್ಯದಿಂದ ಆಚೆ ಕೇರಳ ರಸ್ತೆಯಲ್ಲಿ ಒಂದು ಮನೆಯವರು ನೋಡುವ ಅಂತ ಕರೆದ್ರು. ಸ್ಕೂಟರಿನ ಮುಂದೆ ಆರು ಬಾಟ್ಲಿ ಸಿಪ್ಪೆನೀರು ಇಟ್ಟುಕೊಂಡು ಹೊರಟೆವು. ಬಾಟ್ಲಿಗಳು ಎಂತದ್ದು ಅಂತ ಕೇಳ್ತೀರಾ? ಗುಜರಿಯವನ ಹತ್ರ ಚಂದದ ಗಾಜಿನ ಬಾಟ್ಲಿ ಸಿಗುದು ಒಂದೇ ಜಾತಿಯದ್ದು. ಲೇಬಲ್ ತೆಗೆದಿದ್ದೆವು, ಆದ್ರೆ ಗುರುತು ಗೊತ್ತಿದ್ದವರಿಗೆ ಲೇಬಲ್ ಯಾಕೆ?

ಚೆಕ್‌ಪೋಸ್ಟಿನಲ್ಲಿ ಕೈ ಅಡ್ಡ ಬಂತು. ಅಧಿಕಾರಿ ಒಂದು ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದ್ರು. ಒಳ್ಳೆ ಬ್ರಾಂದಿಯ ಬಣ್ಣ.

"ಎಂತ ಇದು?"

"ನೀರು ಸರ್" ಅಂದೆ. ಹೆದರಿಕೆಯಲ್ಲಿ ಅಷ್ಟೇ ಬಂತು ಬಾಯಿಗೆ.

"ನೀರಾ! ನಾವೆಂತ ನಿನ್ನೆ ಹುಟ್ಟಿದ್ದಾ?" ಅಂತ ಮುಚ್ಚಳ ತಿರುಗಿಸಿದ್ರು. ಕೊಳೆತ ನೀರಿಗೆ ಗ್ಯಾಸ್ ಉಂಟು, ಮೇಲಿಂದ ಹೊಂಡದ ರಸ್ತೆಯಲ್ಲಿ ಕುಲುಕಿದ್ದು. ಬುಸ್ ಅಂತ ಚಿಮ್ಮಿ ಟೊಪ್ಪಿಯಿಂದ ಬೆಲ್ಟಿನವರೆಗೆ ಸ್ನಾನ ಆಯ್ತು. ಅವರು ತುಟಿಗೆ ಬಿದ್ದದ್ದನ್ನು ನಾಲಗೆಯಲ್ಲಿ ನೆಕ್ಕಿ ನೋಡಿ, ಕಣ್ಣು ಮುಚ್ಚಿ, ಇನ್ನೊಂದು ಸಲ ನೆಕ್ಕಿದ್ರು. "ಹುಳಿ ಉಂಟು, ಸ್ವಲ್ಪ ಸಿಹಿಯೂ ಉಂಟು. ಮನೆಯಲ್ಲೇ ತೆಗೆದದ್ದಾ? ಕೇಸ್ ಆಗ್ತದೆ, ಗೊತ್ತುಂಟಾ?"

ನನಗೆ ದಮ್ಮು ಬಂದು ಮಾತೇ ಹೊರಡ್ಲಿಲ್ಲ. ಜೊತೆಯವಳು ಸ್ಕೂಟರಿನಿಂದ ಇಳಿದು ಬಹಳ ಮರ್ಯಾದೆಯಲ್ಲಿ ಹೇಳಿದಳು, "ಕುಡಿಯುದಲ್ಲ ಸರ್. ಕಕ್ಕಸು ತೊಳೆಯುದು."

ಹಿಂದೆ ನಿಂತಿದ್ದ ಪೇದೆ ಮಳೆಯ ಕಡೆಗೆ ತಿರುಗಿ ನಿಂತ. ಅಧಿಕಾರಿ ಹೋಗಿ ಅಂತ ಕೈ ಮಾಡಿದ್ರು. ವಾಪಸು ಬರುವಾಗ ಆ ಪೇದೆ ನಮ್ಮನ್ನು ನಿಲ್ಲಿಸಿ ಮೆಲ್ಲ ಕೇಳಿದ, "ಅಕ್ಕ, ಒಂದು ಬಾಟ್ಲಿ ಉಂಟಾ? ಸಾಹೇಬ್ರ ಹಲ್ಲು ಫಳಫಳ ಆಗಿದೆ."

ಕಾಶಿ ನೀರು

ಸುಳ್ಯದ ಮನೆ ಸೇರಿ ಒಂಬತ್ತು ಆಯ್ತು. ಚೌತಿಗೆ ಉಳಿದದ್ದು ಮೂರು ದಿನ. ಒಂದೇ ಒಂದು ಮನೆ ಬಾಕಿ. ರಾತ್ರಿ ಮಲಗಿದ್ರೆ ಆಸಿಡಿನ ವಾಸನೆ ಇಲ್ಲದೆಯೂ ಮೂಗಿಗೆ ಬರ್ತಿತ್ತು. ಅಷ್ಟರಲ್ಲಿ ಕಡಬದ ಹತ್ರ ಕೋಡಿಂಬಾಳದಿಂದ ಒಬ್ರು ಹೆಂಗಸು ಫೋನ್ ಮಾಡಿದ್ರು. "ನಮ್ಮ ಅತ್ತೆಗೆ ಮನೆ ಕ್ಲೀನ್ ಮಾಡಿಸ್ಬೇಕಂತೆ. ಒಂದು ಸಲಕ್ಕೆ ಮಾತ್ರ, ಖಾಯಂ ಎಲ್ಲ ಬೇಡ." ಆದ್ರೂ ಹೋದೆವು, ಬೇರೆ ದಾರಿ ಎಂತ ಉಂಟು?

ಅತ್ತೆ ಅಂದ್ರೆ ಎಂಬತ್ತೈದು ದಾಟಿದ ಅಜ್ಜಿ. ಮಂಚದಲ್ಲೇ ವಾಸ. ನಮ್ಮನ್ನು ಕಂಡದ್ದೇ ಹೇಳಿದ್ರು, "ಕೂತ್ಕೊಳ್ಳಿ. ನನಗೆ ಸಾಯ್ಲಿಕ್ಕುಂಟು. ಅದಕ್ಕೆ ಮೊದಲು ಈ ಮನೆ ಕ್ಲೀನ್ ಆಗ್ಬೇಕು."

ಸೊಸೆ "ಅತ್ತೇ!" ಅಂದ್ರು. ಅಜ್ಜಿ ಕೇಳ್ಲಿಲ್ಲ. "ನನ್ನ ಅಕ್ಕನ ಬೊಜ್ಜ ಮಳೆಗಾಲದಲ್ಲಿ ಆದದ್ದು. ಊಟಕ್ಕೆ ಕೂತ ಒಬ್ರಾದ್ರೂ ಅವಳ ವಿಷಯ ಮಾತಾಡಿದ್ರಾ? ಎಲ್ಲ ತಲೆ ಎತ್ತಿ ಮಾಡಿನ ಬೂಸ್ಟು ನೋಡಿದ್ದೇ ನೋಡಿದ್ದು. ನನ್ನ ಬೊಜ್ಜಕ್ಕೆ ಹಾಗೆ ಆಗ್ಬಾರ್ದು. ಅವರಿಗೆ ನನ್ನ ವಿಷಯ ಮಾತಾಡದೆ ಬೇರೆ ಗತಿ ಇರ್ಬಾರ್ದು." ಸತ್ತ ಹನ್ನೆರಡು ಹದಿಮೂರು ದಿನಕ್ಕೆ ಊರಿಗೆ ಊಟ ಹಾಕುದಕ್ಕೆ ನಮ್ಮಲ್ಲಿ ಬೊಜ್ಜ ಅಂತಲೇ ಹೇಳುದು. ಆಸಿಡಿನವರನ್ನು ಯಾಕೆ ಕರೀಲಿಲ್ಲ ಅಂತ ಕೇಳಿದೆ. "ಆ ವಾಸನೆಗೆ ಕೆಮ್ಮಿ ಕೆಮ್ಮಿ ಸಾಯುದು ನನಗೆ ಬೇಡ. ಚಂದದಲ್ಲಿ ಹೋಗ್ಬೇಕು" ಅಂದ್ರು. ನನ್ನ ಮನಸ್ಸಿನ ಮಾತೇ ಅದು.

ಕೆಲಸ ಶುರು ಮಾಡಿದೆವು. ಅಜ್ಜಿ ಮಲಗಿದಲ್ಲಿಂದಲೇ ಊರುಗೋಲಿನಲ್ಲಿ ತೋರಿಸುದು, "ಅಲ್ಲಿ ಒಂದು ಚುಕ್ಕೆ, ಇಲ್ಲಿ ಒಂದು ಚುಕ್ಕೆ." ದೇವರ ಕೋಣೆಯಿಂದ ಬಾಯಿಗೆ ಮೊಹರು ಹಾಕಿದ ಒಂದು ಸಣ್ಣ ತಾಮ್ರದ ಗಿಂಡಿ ತರಿಸಿದ್ರು. ಗಂಡ ಇದ್ದಾಗ ಕಾಶಿಯಿಂದ ತಂದ ಗಂಗಾನೀರು, ಕಡೆಗಾಲಕ್ಕೆ ಬಾಯಿಗೆ ಬಿಡ್ಲಿಕ್ಕೆ ಅಂತ ಜೋಪಾನ ಮಾಡಿದ್ದು. "ಇದನ್ನೂ ಬೆಳಗಿಸು. ಕಪ್ಪು ಗಿಂಡಿಯ ನೀರು ನಾನು ಕುಡಿಯುದಿಲ್ಲ." ಬಿಂಬುಳಿ ಹಾಕಿ ತಿಕ್ಕಿದೆ. ಫಳಫಳ ಹೊಳೆಯಿತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ.

ಕೊನೆಗೆ ಉಳಿದದ್ದು ಮಂಚದ ಹಿಂದಿನ ಗೋಡೆ. ಅಜ್ಜಿಯನ್ನು ಎತ್ತಿ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು. ಅವರು ಅಲ್ಲೇ ತೂಕಡಿಸಿದ್ರು. ನಾನು ತಲೆಗೆ ಬಿಳಿ ಬೈರಾಸು ಬಟ್ಟೆ ಕಟ್ಟಿ ಗೋಡೆ ತಿಕ್ಕಿದೆ. ಮುಖಕ್ಕೇ ಬೂಸ್ಟಿನ ಪುಡಿ ಬಿತ್ತು. ದಮ್ಮು ಬಂತು ನೋಡಿ, ಹಿಂದೆಂದೂ ಬಾರದ್ದು. ಎರಡು ಸಲ ಮದ್ದು ಎಳೆದ್ರೂ ಇಳಿಯುದಿಲ್ಲ. ಸೊಸೆ ಗಾಬರಿಯಾಗಿ ನನ್ನನ್ನು ಅದೇ ಮಂಚದಲ್ಲಿ ಮಲಗಿಸಿ, ಕಂಬಳಿ ಹೊದಿಸಿ, ಬಿಸಿನೀರು ತರ್ಲಿಕ್ಕೆ ಅಡುಗೆಮನೆಗೆ ಹೋದ್ರು. ಕರೆಂಟು ಹೋಯ್ತು. ಬಾಯಿ ತೆರೆದು ಮಲಗಿದವಳು ಇದೇ ನನ್ನ ಕಡೆಯ ಮನೆ ಅಂತ ನಿಜವಾಗಿ ಗ್ರಹಿಸಿದೆ. ಹೆದರಿಕೆ ಅಂದ್ರೆ ಹೆದರಿಕೆ.

ಆಗ ಬಂದದ್ದು ಅಜ್ಜಿಯ ತಮ್ಮನ ಮಗಳು. ಅತ್ತೆಯನ್ನು ನೋಡಿ ಹೋಗುವ ಅಂತ ಕಡಬದಿಂದ ಬ್ರೆಡ್ಡು, ಮೂಸಂಬಿ ಹಿಡ್ಕೊಂಡು ಬಂದವರು. ಕಣ್ಣಿನ ಪೊರೆ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿದ್ರು. ಕತ್ತಲೆ ಕೋಣೆಯಲ್ಲಿ ಅವರಿಗೆ ಕಂಡದ್ದು ಇಷ್ಟೇ: ಮಂಚ, ಕಂಬಳಿ, ಬಿಳಿ ತಲೆ, ಗೊರಗೊರ ಸದ್ದು, ಪಕ್ಕದಲ್ಲಿ ಬೆಳಗಿಸಿ ಇಟ್ಟ ಕಾಶಿ ಗಿಂಡಿ.

"ಅಯ್ಯೋ ಅತ್ತೇ! ಗಿಂಡಿ ತೆಗೆದು ಇಡುವಷ್ಟು ಆಯ್ತಾ! ಇಷ್ಟು ಸೊರಗಿದ್ರಾ!" ಅಂತ ಗೋಳೋ ಅಂದ್ರು. ನಾನು ಅತ್ತೆ ಅಲ್ಲ ಅಂತ ಹೇಳ್ಲಿಕ್ಕೆ ಬಾಯಿ ಇನ್ನೂ ಅಗಲ ಮಾಡಿದೆ. ಅವರು ಮೊಹರು ಕಿತ್ತು, "ನಾರಾಯಣ ಹೇಳಿ ಅತ್ತೆ, ನಾರಾಯಣ" ಅಂತ ಗಿಂಡಿಯನ್ನು ಪೂರಾ ನನ್ನ ಬಾಯಿಗೆ ಸುರಿದ್ರು!

ಕೆಮ್ಮಿದೆ ನೋಡಿ, ಮಂಚ ಅಲ್ಲಾಡಿತು. ಮೂಲೆಯಲ್ಲಿ ಅಜ್ಜಿಗೆ ಎಚ್ಚರ ಆಯ್ತು. "ಏಯ್! ಅದು ನನ್ನ ನೀರು!" ಅಂತ ಗುಡುಗಿದ್ರು.

ಆ ಹೆಂಗಸಿಗೆ ಅತ್ತೆ ಮಂಚದಲ್ಲಿ, ಅತ್ತೆಯ ಸ್ವರ ಮೂಲೆಯಲ್ಲಿ. "ಅಯ್ಯಯ್ಯೋ, ಜೀವ ಹೋಗಿ ಮೂಲೆಯಿಂದ ಮಾತಾಡ್ತಾ ಉಂಟು!" ಅಂತ ಕಿರುಚಿ ಬಾಗಿಲಿಗೆ ಓಡಿದ್ರು. ಮೂಸಂಬಿ ಎಲ್ಲ ನೆಲದಲ್ಲಿ ಉರುಳಿತು. ಚಾವಡಿಯಲ್ಲಿ ಏಣಿ ತೆಗೆದಿಡ್ತಿದ್ದ ನನ್ನ ಜೊತೆಯವಳು ಓಡಿ ಬಂದು, ಸಂಗತಿ ಗೊತ್ತಾಗಿ ನೆಲಕ್ಕೆ ಕೂತು ನಕ್ಕಳು, ನನ್ನ ಬೆನ್ನು ಉಜ್ಜಿಕೊಂಡೇ ನಕ್ಕಳು. ಕೆಮ್ಮಿ ಕೆಮ್ಮಿ ಎದೆಯಲ್ಲಿ ಕಟ್ಟಿದ್ದೆಲ್ಲ ಹೊರಗೆ ಬಂದು ನನಗೆ ಉಸಿರು ಸಲೀಸಾಯ್ತು.

ಅಜ್ಜಿ ಖಾಲಿ ಗಿಂಡಿಯನ್ನು ಮಗುಚಿ ನೋಡಿದ್ರು. ಒಂದು ಹನಿ ಇಲ್ಲ. ನಾನು ಕೈ ಮುಗಿದೆ. "ಇನ್ನು ಹೇಗೆ ಹೋಗುದು ನಾನು?" ಅಂತ ಅವರು ನನ್ನನ್ನೇ ಕೇಳಿದ್ರು. "ಆನ್‌ಲೈನಲ್ಲಿ ಸಿಗ್ತದೆ ಅತ್ತೆ" ಅಂದ್ರು ಸೊಸೆ. "ಆನ್‌ಲೈನಿನ ನೀರಿಗೆ ನಾನು ಬಾಯಿ ತೆರೆಯುದಿಲ್ಲ. ಮಗ ಕಾಶಿಗೆ ಹೋಗಿ ತರ್ಬೇಕು. ಅವನಿಗೆ ಪುರುಸೊತ್ತು ಆಗುವವರೆಗೆ ಸಾಯುವ ಹಾಗಿಲ್ಲ." ಆಮೇಲೆ ಊರುಗೋಲು ನನ್ನ ಕಡೆ ತಿರುಗಿತು. "ಅಲ್ಲಿವರೆಗೆ ಬೂಸ್ಟು ಸುಮ್ಮನೆ ಕೂರ್ತದಾ? ತಿಂಗಳಿಗೆ ಎರಡು ಸಲ ಬಾ. ನನ್ನ ನೀರು ಕುಡಿದಿದ್ದೀ, ತಪ್ಪಿಸಬೇಡ."

ಹತ್ತನೇ ಮನೆ! ಬರುವಾಗ ಸ್ಕೂಟರಿನ ಹಿಂದೆ ಕೂತು ಅತ್ತುಬಿಟ್ಟೆ. ಮಳೆ ಇದ್ದದ್ದರಿಂದ ಯಾರಿಗೂ ಗೊತ್ತಾಗ್ಲಿಲ್ಲ.

ಚೌತಿಯ ಹಿಂದಿನ ದಿನ ಸೂಪರ್‌ವೈಸರ್ ಫೋನ್ ಮಾಡಿದ್ರು. "ಎಂತ ಮಾರಾಯ್ತಿ, ಬರ್ತೀಯಾ ಇಲ್ವಾ?"

"ಇಲ್ಲ ಸರ್" ಅಂದೆ. ಸಂತೋಷದಲ್ಲಿ ಎಲ್ಲಿಂದ ಶುರು ಮಾಡುದು ಅಂತಲೇ ಗೊತ್ತಾಗ್ಲಿಲ್ಲ. "ಮೊನ್ನೆ ಕೋಡಿಂಬಾಳದಲ್ಲಿ ನನ್ನ ಬಾಯಿಗೆ ಗಂಗಾನೀರು ಬಿಟ್ಟಾಯ್ತು."

ಆ ಕಡೆಯಿಂದ ಆ ಪುಣ್ಯಾತ್ಮ ಕೇಳಿದ್ರು, "ಬೊಜ್ಜ ಯಾವತ್ತು?"